ಸಹಜ ನಡಿಗೆ

೧
ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಶುರು ಮಾಡಿದರೆ ನೀವು ಪ್ರವಾಸಕಥನ ಅಂದುಕೊಳ್ಳುತ್ತೀರಿ. ಆಸ್ಪತ್ರೆಯಿಂದ ಅಂದರೆ ಮೊದಲ ಸಾಲಿಗೇ ಕಣ್ಣೀರು ಕೇಳಿದಂತಾಗುತ್ತದೆ. ಇನ್ಶೂರೆನ್ಸ್ ಕಂಪನಿಯ ಡಾಕ್ಟರ ಕೋಣೆಯೇ ಇರಲಿ, ಎಡವಟ್ಟಾದದ್ದು ಅಲ್ಲೇ.

೨
ಅವಳು ಟೈಲರ್. ಸೊಂಟದ ಕೀಲು ಸವೆದು ಬಲಗಾಲು ಗಿಡ್ಡವಾಗಿದೆ. ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತರೆ ಪ್ರಾಣ ಹೋಗುವಷ್ಟು ನೋವು. ಆಪರೇಷನ್ನಿನ ಖರ್ಚು ಕೊಡಬೇಕೋ ಬೇಡವೋ ತಿಳಿಯಲು ಆ ಡಾಕ್ಟರು ಅವಳನ್ನು ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ ನೋಡಿದರು. ನಡೆದಳು, ಬಹಳ ಚೆನ್ನಾಗಿ. ಬಲಗಾಲಿನ ಶೂ ಒಳಗೆ ದಪ್ಪ ಬಟ್ಟೆಯ ಪದರ ಹೊಲಿದು ಕೂರಿಸಿದ್ದಳು. ಅದು ಗೊತ್ತಾಗದಂತೆ ಪ್ಯಾಂಟಿನ ಅಂಚು ಇಳಿಬಿಟ್ಟಿದ್ದಳು. ಹಲ್ಲು ಕಚ್ಚಿಕೊಂಡದ್ದು ಯಾರಿಗೂ ಕಾಣಲಿಲ್ಲ. ಡಾಕ್ಟರು "ನಡಿಗೆ ಸಹಜ, ಆಪರೇಷನ್ ಸದ್ಯಕ್ಕೆ ಬೇಡ" ಎಂದು ಬರೆದು ಕೈ ತೊಳೆದುಕೊಂಡರು.

(ಇಲ್ಲಿ ಕಂಪನಿಯನ್ನು ಒಂದು ಪ್ಯಾರಾ ಉದ್ದಕ್ಕೂ ಬೈದಿದ್ದೆ. ಓದಿ ನೋಡಿದರೆ ನನಗೇ ಆಕಳಿಕೆ ಬಂತು, ಅಳಿಸಿದೆ.)

"ಅಲ್ಲಕ್ಕಾ, ಕುಂಟಿಕೊಂಡೇ ಹೋಗೋಕೆ ನಿಂಗೇನಾಗಿತ್ತು?" ತಂಗಿ ತಲೆ ಚಚ್ಚಿಕೊಂಡಳು.

"ನಾಲ್ಕು ಜನರ ಮುಂದೆ ಹೋಗುವಾಗ ನೆಟ್ಟಗೆ ಹೋಗಬೇಡ್ವಾ? ನಾನು ಟೈಲರ್ ಕಣೇ."

ಇನ್ನೊಮ್ಮೆ ನೋಡಿ ಎಂದು ಎಷ್ಟು ಕೇಳಿಕೊಂಡರೂ ಕಂಪನಿ ಜಪ್ಪಯ್ಯ ಅನ್ನಲಿಲ್ಲ. ಕಡಿಮೆ ಖರ್ಚಿನಲ್ಲಿ ಆಪರೇಷನ್ ಆಗುವ ಬೇರೊಂದು ದೇಶಕ್ಕೆ ಅಕ್ಕತಂಗಿ ಹೊರಟರು.

೩
ವಿಮಾನದ ಕಿಟಕಿ, ಮೋಡ, ಒಂಟಿತನ.

"ಮೋಡ ಯಾಕ್ರೀ?" ಅವಳು ನನ್ನ ಬರಹಕ್ಕೇ ಅಡ್ಡ ಬಂದಳು. "ಕಾಲು ಮಡಚೋಕಾಗದೆ ದಾರಿಯುದ್ದಕ್ಕೂ ಟಾಯ್ಲೆಟ್ ಪಕ್ಕ ನಿಂತಿದ್ದೆ. ಅದನ್ನ ಬರೀರಿ."

ಬರೆದೆ. (ಮೋಡದ ವಾಕ್ಯ ಚೆನ್ನಾಗಿತ್ತು. ಇರಲಿ ಬಿಡಿ.)

ಅಲ್ಲಿನ ಸರ್ಜನ್ನೂ ನಡೆಯಿರಿ ಅಂದರು. ಈ ಸಲ ಅವಳು ಶೂ ಬಿಚ್ಚಿಟ್ಟು ಕುಂಟಿದಳು. ಗುರುತಿಲ್ಲದವರ ಮುಂದೆ ಕುಂಟಿದ್ದು ಅದೇ ಮೊದಲು, ನಾಚಿಕೆಯಿಂದ ಕುತ್ತಿಗೆಯವರೆಗೂ ಕೆಂಪಾದಳು. ಸರ್ಜನ್ ನಾಳೆಯೇ ಆಪರೇಷನ್ ಅಂದರು.

೪
ಕೊನೆ ಒಂದು: ಗುಣವಾಗಿ ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ.

"ನನ್ನಂಗಡಿಗೆ ಮೆಟ್ಟಿಲೇ ಇಲ್ವಲ್ಲ."

ಕೊನೆ ಎರಡು: ಆಪರೇಷನ್ ಟೇಬಲ್ ಮೇಲೇ ಹೋಗಿಬಿಡುತ್ತಾಳೆ. ಸುದ್ದಿ ಕೇಳಿ ಕಂಪನಿಯವರಿಗೆ ನಾಚಿಕೆಯಾಗುತ್ತದೆ.

"ಅವರಿಗೆ ನಾಚಿಕೆ ಆಗ್ಲಿ ಅಂತ ನಾನ್ಯಾಕ್ರೀ ಸಾಯ್ಬೇಕು?"

ಕೊನೆ ಮೂರು ಹೊಳೆಯುವಷ್ಟರಲ್ಲಿ ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿಯಾಗಿತ್ತು.

"ನಂಗೆ ಹೆದರಿಕೆ ಆಗ್ತಿದೆ," ಅಂದಳು. "ಮತ್ತೆ ನಿಂತು ಬಟ್ಟೆ ಕತ್ತರಿಸೋಕೆ ಆಗದೇ ಹೋದ್ರೆ ನಾನೇನು ಮಾಡ್ಲಿ? ಇದನ್ನ ಹೀಗೇ ಬರೀರಿ. ಚಂದ ಮಾಡೋಕೆ ಹೋಗಬೇಡಿ."

೫
(ಈ ಭಾಗ ಬೇಡ ಅಂದುಕೊಂಡಿದ್ದೆ.)

ಬಾಗಿಲು ಮುಚ್ಚಿತು. ಅದರಾಚೆ ಹತ್ತಿರದ ಸಂಬಂಧಿಗಳನ್ನೇ ಬಿಡುವುದಿಲ್ಲ, ಇನ್ನು ಕತೆಗಾರರನ್ನು ಕೇಳುವವರು ಯಾರು? ತಂಗಿ ನನ್ನ ಮುಖವನ್ನೇ ನೋಡಿದಳು.

"ಬರೆಯೋರು ನೀವೇ ತಾನೆ? ಏನಾಗುತ್ತೆ, ಹೇಳಿ."

"ಗೊತ್ತಿಲ್ಲ."

ಅವಳು ಪಕ್ಕದ ಕುರ್ಚಿಯ ಮೇಲಿದ್ದ ಅಕ್ಕನ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹಾಗಾದ್ರೆ ನೀವೂ ಕೂತ್ಕೊಳ್ಳಿ," ಅಂದಳು.

ಕೂತೆ.