ಬರಿಗೈ ಮೇಸ್ತ್ರಿಯ ಕಡಗ

ಮರದ ಲೇತಿನ ಮುಂದೆ ನಿಲ್ಲುವವರ ಕೈಯಲ್ಲಿ ಉಂಗುರ, ಗಡಿಯಾರ, ದಾರ ಏನೂ ಇರಕೂಡದು, ಕುತ್ತಿಗೆಯಲ್ಲಿ ಸರ ತೂಗಾಡಕೂಡದು, ಅಂಗಿಯ ತೋಳು ಮೊಣಕೈ ದಾಟಕೂಡದು. ಮಂಚದ ಕಾಲು, ಮೆಟ್ಟಿಲ ಕಂಬ ಕಡೆಯುವ ಆ ಕಾರ್ಖಾನೆಯಲ್ಲಿ ಇದು ಮೇಸ್ತ್ರಿಯ ಕಾನೂನು. ಗಿರಗಿರ ತಿರುಗುವ ಮರಕ್ಕೆ ದಾರದ ತುದಿ ಸಿಕ್ಕರೂ ಸಾಕು, ಕೈಯನ್ನೇ ಒಳಗೆಳೆದುಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ಬೀಗುತ್ತಾ ಕೆಲಸಕ್ಕೆ ಬಂದವನ ಉಂಗುರವನ್ನು ಸೋಪು ಹಚ್ಚಿ ಬಿಚ್ಚಿಸಿದ ಪುಣ್ಯಾತ್ಮ ಇವರು. ಹಾಗಾಗಿ ಬರಿಗೈ ಮೇಸ್ತ್ರಿ ಎಂಬ ಅಡ್ಡಹೆಸರು ಬಿದ್ದಿತ್ತು. ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದರು.

ಅಂಥವರ ಎದೆಬಡಿತ ತಾಳ ತಪ್ಪಿತು. ರಕ್ತ ಹೆಪ್ಪುಗಟ್ಟದಂತೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎಚ್ಚರದಿಂದ ಕೆಲಸ ಮಾಡಬಹುದು, ಆದರೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಎಲ್ಲಾದರೂ ಪ್ರಜ್ಞೆ ತಪ್ಪಿ ಬಿದ್ದರೆ ನೋಡಿದವರಿಗೆ ವಿಷಯ ತಿಳಿಯಬೇಕು, ಮೈಮೇಲೊಂದು ಗುರುತು ಇರಲಿ ಎಂದರು. ನರ್ಸ್ ಆಗಿದ್ದ ಸೊಸೆ, ಕಾಯಿಲೆಯ ಮತ್ತು ಮಾತ್ರೆಯ ಹೆಸರು ಕೆತ್ತಿದ ಬಗೆಬಗೆಯ ಗುರುತುಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದಳು. ಮೇಸ್ತ್ರಿಯ ಹೆಂಡತಿ ಮದುವೆಗೆ ಒಡವೆ ಆರಿಸುವ ಗತ್ತಿನಲ್ಲಿ ಒಂದೊಂದನ್ನೇ ಎತ್ತಿ ನೋಡಿದರು.

"ಈ ಸರ ಚೆನ್ನಾಗಿದೆ ಕಣ್ರೀ."

"ನಾನು ಬಗ್ಗಿದ್ರೆ ಅದು ಮಿಷಿನ್ ಒಳಗೆ ಹೋಗುತ್ತೆ. ಹಿಂದೇನೇ ನಾನೂ ಹೋಗ್ತೀನಿ."

"ರಬ್ಬರ್ ಪಟ್ಟಿ?"

"ಅದೂ ಅಷ್ಟೇ. ಕಾಲಿಗೆ ಕಟ್ಕೋತೀನಿ ಬಿಡು."

"ಮಾವ, ಬಿದ್ದೋರ ಕಾಲನ್ನ ಯಾರು ನೋಡ್ತಾರೆ?" ಎಂದಳು ಸೊಸೆ. "ನಾಡಿ ನೋಡೋಕೆ ಕೈ ಹಿಡೀತಾರೆ, ಕಣ್ಣು ಅಲ್ಲಿಗೇ ಹೋಗುತ್ತೆ."

"ಜೇಬಲ್ಲಿ ಒಂದು ಚೀಟಿ ಇಟ್ಕೊಂಡ್ರೆ?"

"ಹಣೆ ಮೇಲಿರೋ ಕನ್ನಡಕಾನೇ ಮನೆಯೆಲ್ಲಾ ಹುಡುಕ್ತೀರಿ," ಎಂದರು ಹೆಂಡತಿ. "ಇನ್ನು ಚೀಟಿ ಜೋಪಾನ ಮಾಡ್ತೀರಾ?"

ಕೊನೆಗೆ ಹೆಂಡತಿಯೇ ಒಂದು ಉಕ್ಕಿನ ಕಡಗವನ್ನು ಗಂಡನ ಕೈಗೆ ತೊಡಿಸಿ, ಇದನ್ನು ಹಾಕಿಕೊಂಡು ಕೆಲಸಕ್ಕೆ ಹೋಗಿ, ಇಲ್ಲದಿದ್ದರೆ ಮನೆಯಲ್ಲಿ ಕೂತಿರಿ ಎಂದು ತೀರ್ಪು ಕೊಟ್ಟರು. ಮನೆಯಲ್ಲಿ ಕೂರುವ ಮಾತಿಗೆ ಮೇಸ್ತ್ರಿಯ ಜೀವ ಬಾಯಿಗೆ ಬಂತು. ಉಳಿ ಹಿಡಿಯದ ಕೈಯನ್ನು ಏನು ಮಾಡಬೇಕೆಂದೇ ಅವರಿಗೆ ಗೊತ್ತಿರಲಿಲ್ಲ. ಕಾರ್ಖಾನೆಯವರಿಗೆ ಕಾಯಿಲೆಯ ವಿಷಯ ಹೇಳೋಣವೆಂದರೆ ಅವರೂ ಅಯ್ಯೋ ಪಾಪ ಎಂದು ಮೂಲೆಯಲ್ಲಿ ಕೂರಿಸಿಬಿಟ್ಟರೆ? ಅದಕ್ಕೇ ತುಟಿ ಪಿಟಕ್ಕೆನ್ನದೆ ಇದ್ದರು.

ಮರುದಿನ ಅವರು ತುಂಬುತೋಳಿನ ಅಂಗಿ ತೊಟ್ಟು, ಕಡಗದ ಮೇಲೆ ಗುಂಡಿ ಬಿಗಿದು ಕೆಲಸಕ್ಕೆ ಬಂದರು. ಕಡಗ ಮುಚ್ಚುವ ಆತುರದಲ್ಲಿ, ತಮ್ಮ ಕಾನೂನಿನಲ್ಲಿ ತೋಳೂ ಸೇರಿದೆ ಎನ್ನುವುದೇ ಮರೆತುಹೋಗಿತ್ತು. ಲೇತಿಗೆ ಮರ ಸಿಕ್ಕಿಸಿ ಚಾಲೂ ಮಾಡಿದರಷ್ಟೆ, ಯಾರೋ ಬಂದು ಸ್ವಿಚ್ಚು ಆರಿಸಿದರು. ತಿರುಗಿ ನೋಡಿದರೆ ಪಾಲಿಶಕ್ಕ. ಕಡೆದ ಕಾಲುಗಳಿಗೆ ಬಣ್ಣ ಹಚ್ಚಿ ಮೆರುಗು ಕೊಡುವ ಹೆಂಗಸು, ಮೇಸ್ತ್ರಿಯ ಕೈಕೆಳಗೇ ಕೆಲಸ ಕಲಿತವಳು.

"ಮೇಸ್ತ್ರಿ, ತೋಳು."

"ಚಳಿ ಕಣಮ್ಮ."

"ಹಣೆ ಮೇಲೆ ಬೆವರು ಇಳೀತಿದೆ, ಎಂಥಾ ಚಳಿ? ಮಡಚಿ."

ಬೇರೆ ದಾರಿಯಿರಲಿಲ್ಲ. ಗುಂಡಿ ಬಿಚ್ಚಿ ತೋಳು ಮಡಚಿದರು. ಕಡಗ ಹೊಳೆಯಿತು. ಸಾಮಾನು ಜೋಡಿಸುವ ಅಣ್ಣತಮ್ಮಂದಿರಿಬ್ಬರೂ ಸುತ್ತಿಗೆ ಕೆಳಗಿಟ್ಟು ಓಡಿಬಂದರು. ಪಾಲಿಶಕ್ಕ ಅದರ ಮೇಲಿದ್ದುದನ್ನು ಜೋರಾಗಿ ಓದಿದಳು. ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ಯಾರಾದರೂ ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಇದು ಸಿಕ್ಕಿಹಾಕ್ಕೊಂಡು ಕೈಯೇ ಹೋಗಿದ್ರೆ? ನಮಗೊಂದು ಮಾತು ಹೇಳೋಕಾಗ್ಲಿಲ್ವಾ?" ಎಂದಳು ಪಾಲಿಶಕ್ಕ.

"ಹೇಳಿದ್ರೆ ಕೂರಿಸಿಬಿಡ್ತೀರಿ ಅಂತ ಭಯ ಆಯ್ತು," ಎಂದರು ಮೇಸ್ತ್ರಿ.

ಪಾಲಿಶಕ್ಕ ಕಡಗವನ್ನು ಬೆರಳಿನಿಂದ ತಟ್ಟಿದಳು. "ಬೀದೀಲಿ ಹೋಗೋರಿಗೆ ನೀವು ಯಾರೋ ಏನೋ. ಅವರಿಗೆ ಈ ಕಡಗ ಬೇಕು. ನಮಗ್ಯಾಕೆ ಬೇಕು ಮೇಸ್ತ್ರಿ?"

ಆಗಲೇ ಅವಳು ಮೇಸ್ತ್ರಿಯ ಫೋನಿನಿಂದ ಸೊಸೆಗೆ ಕರೆ ಮಾಡಿದಳು. ಸೊಸೆ ಎಲ್ಲವನ್ನೂ ಕೇಳಿಸಿಕೊಂಡು, ಲೇತಿನ ಹತ್ತಿರ ಕಡಗ ಬಿಚ್ಚಿಡಲಿ, ಆದರೆ ಮಾವ ಒಬ್ಬರೇ ಮಿಷಿನ್ ಮುಂದೆ ನಿಲ್ಲುವ ಹಾಗಿಲ್ಲ ಎಂದಳು. ಗಾಯವಾದರೆ ಬಟ್ಟೆಯಿಟ್ಟು ಒತ್ತಿ ಹಿಡಿಯಬೇಕು, ಆಂಬುಲೆನ್ಸಿನವರಿಗೆ ಮೊದಲು ಮಾತ್ರೆಯ ವಿಷಯ ಹೇಳಬೇಕು, ತಲೆಗೆ ಪೆಟ್ಟು ಬಿದ್ದರೆ ರಕ್ತ ಬರದಿದ್ದರೂ ಆಸ್ಪತ್ರೆಗೆ ಕರೆತರಬೇಕು. ಫೋನಿನಲ್ಲಿ ಸೊಸೆಯ ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು: "ಮನೆಗೆ ಹೊರಡೋವಾಗ ಹಾಕ್ಕೊಂಡೇ ಹೊರಡಬೇಕು!"

ಪಾಲಿಶಕ್ಕ ಅಷ್ಟಕ್ಕೇ ಬಿಡಲಿಲ್ಲ. ಅಣ್ಣತಮ್ಮಂದಿರಿಬ್ಬರಿಂದಲೂ ಅದೆಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿಕೊಂಡಳು. ಚಿಕ್ಕವನು ಒಂದು ಕಡೆ ತಡವರಿಸಿದಾಗ ಮೇಸ್ತ್ರಿಯೇ ಹೇಳಿಕೊಟ್ಟರು.

ಅವರು ಕಡಗ ಬಿಚ್ಚಿ ಗೂಡಿನಲ್ಲಿಟ್ಟು ಲೇತಿನ ಮುಂದೆ ನಿಂತರು. ಉಳಿ ತಾಗಿದೊಡನೆ ಮರದ ಸುರುಳಿ ಹಾರಿತು. ಹಿಂದೆ ಏನೋ ಎಳೆದ ಸದ್ದು. ಪಾಲಿಶಕ್ಕ ಕಿಟಕಿಯ ಪಕ್ಕದಲ್ಲಿದ್ದ ತನ್ನ ಮಣೆ, ಬಣ್ಣದ ಡಬ್ಬಿ, ಬಟ್ಟೆಚೂರು ಎಲ್ಲವನ್ನೂ ಲೇತಿನ ಹತ್ತಿರಕ್ಕೆ ತಂದಿಟ್ಟುಕೊಂಡು ಕೂರುತ್ತಿದ್ದಳು.

"ಇಲ್ಯಾಕಮ್ಮಾ?"

"ಇಲ್ಲಿ ಬೆಳಕು ಚೆನ್ನಾಗಿದೆ."

ಲೇತಿದ್ದ ಆ ಮೂಲೆಗೆ ಬೆಳಕೇ ಬೀಳುತ್ತಿರಲಿಲ್ಲ. ಮೇಸ್ತ್ರಿಗೆ ಸಂತೋಷವಾಯಿತು. ಹೌದು, ಬೆಳಕು ಚೆನ್ನಾಗಿದೆ ಎಂದು ಹೇಳಿ ಕೆಲಸ ಮುಂದುವರಿಸಿದರು.