ನೆತ್ತಿಗೆ ತಾಗುವ ಗೆರೆ

ಒಂದಾನೊಂದು ಶಾಲೆಯಿತ್ತು. ಏಳು ಸಮುದ್ರದಾಚೆಯೇನಲ್ಲ, ಆದರೆ ಅದರ ಒಂಬತ್ತನೇ ತರಗತಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಲೆಕ್ಕದ ಟೀಚರಿಗೆ ಏಳು ಸಮುದ್ರ ಈಜಿದಷ್ಟು ಸುಸ್ತು. ವರ್ಷದ ಮೊದಲಲ್ಲಿ ಹುಮ್ಮಸ್ಸಿನಿಂದ ಹೆಡ್‌ಮಾಸ್ತರರಿಗೆ ಮಾತು ಕೊಟ್ಟುಬಿಟ್ಟಿದ್ದಳು: ಪರೀಕ್ಷೆ ಬರುವುದರೊಳಗೆ ನಲವತ್ತೆರಡು ಮಕ್ಕಳೂ ಒಂದೊಂದು ಲೆಕ್ಕವನ್ನು ಬಾಯಿಬಿಟ್ಟು ವಿವರಿಸುತ್ತಾರೆ. ಒಬ್ಬರು ತಪ್ಪಿದರೂ ಬೋರ್ಡು ನೋಡಿ ಬರೆದುಕೊಳ್ಳುವ ಹಳೇ ಪದ್ಧತಿಯೇ ಗತಿ.

ಅವಳ ಕಟ್ಟಳೆ ಸರಳವಾಗಿತ್ತು. ಹೇಳುವವರು ಕೈ ಹಿಂದೆ ಕಟ್ಟಿ ನಿಲ್ಲಬೇಕು. ಜೊತೆಗಾರರು ಕಿವಿಗೆ ಬಿದ್ದಷ್ಟನ್ನೇ ಬೋರ್ಡಿನ ಮೇಲೆ ಬರೆಯಬೇಕು, ಒಂದು ಚುಕ್ಕೆಯೂ ಹೆಚ್ಚಿಲ್ಲ. ನಲವತ್ತೊಂದು ಮಕ್ಕಳು ಮುಗಿಯುವಷ್ಟರಲ್ಲಿ ತಿದ್ದಿ ತಿದ್ದಿ ಅವಳ ಗಂಟಲು ಕಟ್ಟಿತ್ತು. ಉಳಿದವಳು ಗುಬ್ಬಿ. ನೂರಕ್ಕೆ ನೂರು ತೆಗೆಯುವ ಹುಡುಗಿ. ಹೇಗೆ ಬಂತೆಂದು ಕೇಳಿದರೆ "ಬಂತು ಮಿಸ್" ಅಷ್ಟೇ.

ಕೊನೆಯ ದಿನ, ಕೊನೆಯ ಪೀರಿಯಡ್. ಬಾಗಿಲಲ್ಲಿ ಹೆಡ್‌ಮಾಸ್ತರರು.

"ನಿಮ್ಮ ಸಂತೆ ಮುಗೀತಾ ತಾಯಿ?"

"ಒಬ್ಬಳಿದ್ದಾಳೆ ಸರ್."

ಗುಬ್ಬಿ ಕೈಕಟ್ಟಿ ನಿಂತಳು. ಸೀಮೆಸುಣ್ಣ ಹಿಡಿದವಳು ಅವಳ ಗೆಳತಿ, ಎಲ್ಲರ ಬಾಯಲ್ಲಿ ವಟವಟಿ.

"ಒಂದು ತ್ರಿಭುಜ ಬರಿ. ಮೂರು ಕೋನ ಸೇರಿದ್ರೆ ನೂರ ಎಂಬತ್ತು."

"ಅದನ್ನ ಪುಸ್ತಕಾನೂ ಹೇಳತ್ತೆ. ಯಾಕೆ ಅಂತ ಹೇಳೇ ಮಹರಾಯ್ತಿ."

ಗುಬ್ಬಿ ನೆಲ ನೋಡಿದಳು. ಟೀಚರಿಗೆ ಉತ್ತರ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು.

"ಮೇಲೆ... ತಳಕ್ಕೆ ಸಮಾನಾಂತರವಾಗಿ ಒಂದು ಗೆರೆ ಎಳಿ."

ವಟವಟಿ ತ್ರಿಭುಜಕ್ಕಿಂತ ಒಂದು ಗೇಣು ಮೇಲೆ ಎಳೆದಳು. ತರಗತಿಯೆಲ್ಲ ಗೊಳ್ಳೆಂದಿತು. ಗುಬ್ಬಿಯ ಮುಖ ಕೆಂಪಾಯಿತು.

"ಆಕಾಶದಲ್ಲಿ ಯಾಕೇ ಎಳೀತೀಯ, ಕತ್ತೆ! ತ್ರಿಭುಜದ ನೆತ್ತಿಗೆ ತಾಗ್ಬೇಕು!"

"ಹಾಗಂತ ಹೇಳು ಮತ್ತೆ!" ವಟವಟಿ ಗೆರೆ ಒರೆಸಿ ನೆತ್ತಿಗೆ ತಾಗಿಸಿ ಎಳೆದಳು.

"ಹೇಳ್ತಾ ಇದೀನಲ್ಲ! ಈಗ ನೋಡು, ಎಡಗಡೆ ತಳದ ಕೋನ ಎಷ್ಟಿದೆಯೋ ಅಷ್ಟೇ ಒಂದು ಕೋನ ಮೇಲಿನ ಗೆರೆ ಕೆಳಗೆ, ನೆತ್ತಿಯ ಎಡಕ್ಕೆ ಕೂತಿದೆ. ಗೆರೆಗಳು ಸಮಾನಾಂತರ ಅಲ್ವಾ, ಓರೆ ಬಾಹು ಎರಡಕ್ಕೂ ಒಂದೇ ಓರೆಯಲ್ಲಿ ತಾಗತ್ತೆ. ಬಲಗಡೇದೂ ಹಾಗೇ. ನಡುವೆ ನೆತ್ತಿಯ ಕೋನ. ಮೂರೂ ಒತ್ತೊತ್ತಾಗಿ ಕೂತ್ರೆ ನೇರ ಗೆರೆ ತುಂಬ್ತು. ನೇರ ಗೆರೆ ಅಂದ್ರೆ ನೂರ ಎಂಬತ್ತು. ಅದಕ್ಕೇ!"

"ಅರ್ಥ ಆಯ್ತೇನ್ರೋ?" ಟೀಚರ್ ಕೇಳಿದಳು.

"ಆಯ್ತು ಮಿಸ್. ನೀವು ಹೇಳ್ದಾಗ ಆಗಿರ್ಲಿಲ್ಲ," ಹಿಂದಿನ ಬೆಂಚಿನಿಂದ ಉತ್ತರ ಬಂತು.

ಟೀಚರಿಗೆ ನಗಲೂ ತ್ರಾಣವಿರಲಿಲ್ಲ. "ಎಲ್ಲರದೂ ಆಯ್ತು ಸರ್," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಸಿದಳು.