ಬೆರಳು ಬಲ್ಲ ಬಟ್ಟೆ

ಒಂಬತ್ತು ದಿನದಿಂದ ಕವಿದಿದ್ದ ಮೋಡ ಆ ಬೆಳಿಗ್ಗೆ ಹೇಳದೆ ಕೇಳದೆ ಚದುರಿಹೋಗಿತ್ತು. ತಂತಿಯ ಮೇಲೆ ಹರವಿದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುವಂಥ ಒಣ ಗಾಳಿ. ಬೀದಿಯವರೆಲ್ಲ ಕಿಟಕಿ ತೆರೆದು ಬಿಸಿಲಿಗೆ ಮುಖ ಒಡ್ಡಿದರು. ಪುಸ್ತಕ ಕಟ್ಟುವ ಮುದುಕ ಮಾತ್ರ ಅಂಗಡಿಯ ಬಾಗಿಲಲ್ಲಿ ನಿಂತು ಆ ಬಿಸಿಲನ್ನು ಕರೆಯದೆ ಬಂದ ನೆಂಟನನ್ನು ನೋಡುವಂತೆ ನೋಡಿದ.

ಆ ತಿಂಗಳು ಅವನು ಕಟ್ಟಿದ ಎರಡು ಪುಸ್ತಕಗಳು ಬೆನ್ನು ಬಿಚ್ಚಿಕೊಂಡು ವಾಪಸು ಬಂದಿದ್ದವು. ಒಂದು ಶಾಲೆಯ ನಕಾಶೆ ಪುಸ್ತಕ, ಇನ್ನೊಂದು ಪ್ರಾರ್ಥನಾ ಮಂದಿರದ ಹಾಡಿನ ಪುಸ್ತಕ. ಎರಡು ಸಲವೂ, ಹವೆ ತೇವ, ಅಂಟು ಒಣಗಿಲ್ಲ ಎಂದು ಹೇಳಿ ಪಾರಾಗಿದ್ದ. ಇವತ್ತು ಆ ಮಾತಿಗೂ ಜಾಗವಿರಲಿಲ್ಲ.

ಮನುಷ್ಯನಿಗಿರುವ ಹಾಗೆ ಪುಸ್ತಕಕ್ಕೂ ಬೆನ್ನುಂಟು. ಹೊಲಿದ ಹಾಳೆಗಳ ಬೆನ್ನಿಗೆ ಅಂಟು ಬಳಿದು ಒಂದು ಜಾಳು ಹತ್ತಿಬಟ್ಟೆ ಕೂರಿಸುತ್ತಾರೆ. ಅದರ ಮೇಲೆ ರಟ್ಟು ಬರುತ್ತದೆ. ಓದುವವನಿಗೆ ಆ ಬಟ್ಟೆ ಎಂದೂ ಕಾಣುವುದಿಲ್ಲ. ‘ಕಾಣದ್ದೇ ಹಿಡಿದು ನಿಲ್ಲಿಸೋದು’ ಎನ್ನುತ್ತಿದ್ದ ಅವನ ಅಪ್ಪ. ದೇವರ ಮಾತೋ ಬಟ್ಟೆಯ ಮಾತೋ ಎಂದು ಅವನಿಗೂ ಅವನ ತಂಗಿಗೂ ತಿಳಿಯುತ್ತಿರಲಿಲ್ಲ. ಹತ್ತಿಯ ನೂಲು ಅಂಟನ್ನು ಕುಡಿಯುತ್ತದೆ. ನೈಲಾನ್ ಬೆರೆತಿದ್ದರೆ ಅಂಟು ಮೇಲೆಯೇ ನಿಂತು, ಒಣಗಿದ ಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ಕಣ್ಣಿಗೆ ಎರಡೂ ಒಂದೇ. ಬೆರಳಿಗೆ ಮಾತ್ರ ಬೇರೆ ಬೇರೆ.

ಅವನ ಬೆರಳುಗಳು ಹೋದ ಚಳಿಗಾಲದಿಂದ ಸುಮ್ಮನಾಗಿದ್ದವು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಈಗ ಹೆಬ್ಬೆರಳೂ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪ್ರಾರ್ಥನೆಗೆ ಕೈ ಜೋಡಿಸಿದಾಗ ಬೇರೆ ಯಾರದೋ ಕೈ ಹಿಡಿದಂತಾಗುತ್ತಿತ್ತು.

ಬಾಗಿಲು ತೆರೆದು ಅರ್ಧ ಗಂಟೆ ಆಗಿರಲಿಲ್ಲ, ಸೂಲಗಿತ್ತಿ ಬಂದಳು. ನಲವತ್ತು ವರ್ಷ ತಾನು ಹೆರಿಗೆ ಮಾಡಿಸಿದ ಮಕ್ಕಳ ಹೆಸರು, ದಿನ, ಗಳಿಗೆ ಬರೆದಿಟ್ಟ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಇಳಿಸಿದಳು. ಬೆನ್ನು ಬಾಯಿ ಬಿಟ್ಟಿತ್ತು.

“ಯಜಮಾನ್ರೇ, ನಾನು ಹಿಡಿದ ಮಗು ಒಂದೂ ಇದುವರೆಗೂ ಕೈ ಜಾರಿಲ್ಲ. ನೀವು ಕಟ್ಟಿದ ಪುಸ್ತಕದಿಂದ ಹತ್ತೊಂಬತ್ತು ಹಾಳೆ ಜಾರಿಬಿಟ್ವು.”

“ಎಲ್ಲಿ?”

“ಸೇತುವೆ ಮೇಲೆ. ಗಾಳಿ ತಗೊಂಡು ಹೋಗಿ ಹೊಳೆಗೆ ಹಾಕ್ತು. ಅದರಲ್ಲಿದ್ದವರೆಲ್ಲ ಈಗ ಹುಟ್ಟೇ ಇಲ್ಲ ಅಂದ್ಕೊಳ್ಳಿ. ಉಳಿದವರನ್ನಾದ್ರೂ ಸಂಜೆಯೊಳಗೆ ಕಟ್ಟಿಕೊಡಿ.” ಆಕೆ ನಗಲಿಲ್ಲ. ಹೋಗುವಾಗ ತಿರುಗಿ ಅವನ ಕೈಯನ್ನೇ ಒಮ್ಮೆ ನೋಡಿದಳು.

ಮುದುಕ ಹಳೆಯ ಬಟ್ಟೆಯನ್ನು ಕಿತ್ತ. ಕೀಳಬೇಕಾಗಿಯೂ ಬರಲಿಲ್ಲ, ಅದೇ ಕೈಗೆ ಬಂತು. ಕಪಾಟಿನಿಂದ ಎರಡು ಬಿಳಿ ಸುರುಳಿ ಇಳಿಸಿದ. ಒಂದು ಅಪ್ಪಟ ಹತ್ತಿ, ಇನ್ನೊಂದು ನೈಲಾನ್ ಬೆರಕೆ. ಯಾವುದು ಯಾವುದು? ಉಜ್ಜಿದ. ಏನೂ ಇಲ್ಲ. ಕೆನ್ನೆಗೆ ಒತ್ತಿದ, ತುಟಿಗೆ ಹಿಡಿದ.

“ಏನಣ್ಣ, ಬಟ್ಟೆಗೆ ಮುತ್ತು ಕೊಡ್ತಿದೀಯ? ಅತ್ತಿಗೆ ಹೋದ್ಮೇಲೆ ಇದೊಂದು ಬಾಕಿ ಇತ್ತು ನೋಡು.”

ಎದುರು ಬದಿಯಲ್ಲಿ ಬಟ್ಟೆ ರಿಪೇರಿ ಮಾಡುವ ತಂಗಿ. ನೂಲು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತಳು. ಅವಳ ನಗು ಹಾಗೆಯೇ ಆರಿತು. “ಅಣ್ಣ. ಅದೇನು ಕೆಂಪು?”

ಬಿಳಿ ಬಟ್ಟೆಯ ಮೇಲೆ ಕಾಸಿನಗಲ ಕಲೆ ನಿಧಾನವಾಗಿ ಹರಡುತ್ತಿತ್ತು. ಮುದುಕ ಅದನ್ನು ಅಚ್ಚರಿಯಿಂದ ನೋಡಿದ. ಸುರುಳಿಗೆ ಚುಚ್ಚಿದ್ದ ಗುಂಡುಸೂಜಿ ಅವನ ಹೆಬ್ಬೆರಳಿನಲ್ಲಿ ಅರ್ಧ ಇಳಿದಿತ್ತು. ತಂಗಿ ಅದನ್ನು ಎಳೆದಳು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಎಷ್ಟು ದಿನದಿಂದ ಹೀಗೆ?”

“ಹೋದ ಚಳಿಗಾಲದಿಂದ.”

ಅವಳು ಎರಡೂ ಸುರುಳಿಗಳಿಂದ ಒಂದೊಂದು ಎಳೆ ಬಿಡಿಸಿ ಕಡ್ಡಿ ಗೀರಿದಳು. ಒಂದು ಎಳೆ ಬೂದಿಯಾಗಿ ಉದುರಿತು. ಇನ್ನೊಂದು ಮುದುಡಿ ಕರಿಯ ಮಣಿಯಾಯಿತು. ಮಣಿಯಾದ ಬೆರಕೆ ಎಳೆಯ ಸುರುಳಿಯಲ್ಲಿ ಉಳಿದದ್ದು ಗೇಣಗಲ ಬಟ್ಟೆ ಅಷ್ಟೇ.

“ಸುಟ್ಟು ನೋಡ್ಬಾರ್ದಿತ್ತಾ?”

“ಬೆರಳಲ್ಲಿ ತಿಳಿಯದವರು ಸುಟ್ಟು ನೋಡ್ತಾರೆ ಅಂತಿದ್ರಲ್ಲ ಅಪ್ಪ.”

“ಇದರಲ್ಲಿ ಎಷ್ಟು ಪುಸ್ತಕ ಕಟ್ಟಿದೀಯ?”

ಅವನಿಗೆ ಗೊತ್ತಿರಲಿಲ್ಲ. ಹೊರಗೆ ಒಣ ಗಾಳಿ ಕಿಟಕಿಯ ಕದವನ್ನು ಆಡಿಸುತ್ತಿತ್ತು. ಎಷ್ಟೋ ಮನೆಗಳ ಕಪಾಟುಗಳಲ್ಲಿ, ನೆಟ್ಟಗೆ ನಿಂತ ಹಾಗೆಯೇ, ತಾನು ಕಟ್ಟಿದ ಬೆನ್ನುಗಳು ಒಂದೊಂದಾಗಿ ಬಿಡುತ್ತಿರುವುದು ಅವನಿಗೆ ಕೇಳಿಸಿದಂತಾಯಿತು. ಮಗ್ಗದ ಮೇಲೆ ಕೂತವನು ಎಳೆ ತಪ್ಪಿದ್ದನ್ನು ಬಟ್ಟೆ ಮುಗಿಯುವವರೆಗೆ ಹೇಳುವುದಿಲ್ಲ ಎಂದು ಹಿರಿಯರು ಹೇಳುವುದುಂಟು.

“ಪುಟ್ಟೀ,” ಎಂದ. ಅವಳಿಗೆ ಅರವತ್ತು ದಾಟಿತ್ತು. “ಅಪ್ಪ ನಮ್ಮಿಬ್ಬರಿಗೂ ಪರೀಕ್ಷೆ ಮಾಡಿದ್ದು ನೆನಪಿದೆಯಾ? ಕಣ್ಣು ಕಟ್ಟಿ, ಐದು ತುಂಡು ಬಟ್ಟೆ, ಬೆನ್ನಿಗಾಗೋದು ಯಾವುದು ಅಂತ. ಮೂರು ಸಲವೂ ಸರಿ ಹೇಳಿದವರಿಗೆ ಅಂಗಡಿ.”

“ನೀನು ಮೂರೂ ಹೇಳಿದೆ. ನಾನು ಮೂರನೇ ಸಲ ತಪ್ಪಿದೆ.”

“ಹಿಂದಿನ ದಿನ ನಾನು ಆ ಬಟ್ಟೆಯ ಅಂಚಿಗೆ ಗಂಟು ಹಾಕಿಟ್ಟಿದ್ದೆ. ಒಂದೇ ಎಳೆಯ ಗಂಟು. ಅದನ್ನೇ ಹುಡುಕಿ ಎತ್ತಿದ್ದು.”

ತಂಗಿ ಸುಟ್ಟ ಕಡ್ಡಿಯನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟಳು.

“ಆ ಗಂಟು ನನಗೂ ಸಿಕ್ಕಿತ್ತು,” ಎಂದಳು. “ಎರಡು ಸಲ ಸಿಕ್ಕಾಗ ನನ್ನ ಬೆರಳಿನ ಭ್ರಮೆ ಇರಬೇಕು ಅಂದ್ಕೊಂಡೆ. ಮೂರನೇ ಸಲವೂ ಸಿಕ್ತು. ಗಂಟಿರೋ ಬಟ್ಟೆ ಬೆನ್ನಿಗೆ ಕೂರಲ್ಲ, ಉಬ್ಬುತ್ತೆ ಅಂತ ಅಪ್ಪನೇ ಹೇಳಿದ್ರಲ್ಲ. ಅದಕ್ಕೇ ಕೆಳಗಿಟ್ಟು ಬೇರೆ ತಗೊಂಡೆ.”

ಅವನು ತಲೆ ಎತ್ತಲಿಲ್ಲ. ನಲವತ್ತೆಂಟು ವರ್ಷ ಅವಳು ಎದುರಿನ ಕಿಟಕಿಯಲ್ಲಿ ಕೂತು ಊರವರ ಹರಿದ ತೋಳು ಹೊಲಿದಿದ್ದಳು.

“ಬೈಯೋದಿದ್ರೆ ಬೈದುಬಿಡು.”

“ಬೈದ್ರೆ ಬಟ್ಟೆ ಒಣಗುತ್ತಾ? ಅಂಟು ಕಾಯಿಸು. ಸೂಲಗಿತ್ತಿ ಸಂಜೆಗೆ ಬರ್ತಾಳೆ.”

ಅವಳು ಹತ್ತಿಯ ಸುರುಳಿ ಬಿಚ್ಚಿ, ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಬಟ್ಟೆಯನ್ನು ಹರಿಯಬಿಟ್ಟಳು. ಹಾಸಿನ ಎಳೆ ಪುಸ್ತಕದ ಉದ್ದಕ್ಕೆ ಬರುವಂತೆ ತಿರುಗಿಸಿ ಕತ್ತರಿ ಇಟ್ಟಳು. ಕಿಟಕಿಯಾಚೆ, ಬೀದಿಯ ತಿರುವಿನಲ್ಲಿ ಒಬ್ಬಾತ ಕಂಕುಳಲ್ಲಿ ಪುಸ್ತಕ ಅವುಚಿಕೊಂಡು ಅಂಗಡಿಯ ಕಡೆಗೆ ಬರುತ್ತಿದ್ದ. ಅವನ ಹಿಂದೆ ಇನ್ನೊಬ್ಬಳು, ಎರಡು ಪುಸ್ತಕ.

ಮುದುಕ ಮೇಜಿನ ಖಾನೆ ಎಳೆದು ಅಪ್ಪನ ಮೂಳೆಪಟ್ಟಿಯನ್ನು ತೆಗೆದ. ಬೆನ್ನಿಗೆ ಬಟ್ಟೆ ಒತ್ತಿ ಒತ್ತಿ ನಡುವೆ ಸವೆದು ತೆಳುವಾಗಿದ್ದ ಅದನ್ನು ಅಂಗಿಯ ತುದಿಯಲ್ಲಿ ಒರೆಸಿದ. ತಂಗಿಯ ಅಂಗೈ ಬಿಡಿಸಿ, ಅದರಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಸಿದ.